ಕುಳಿತಲ್ಲಿಂದ ಏಳುವ ಬಲ

ಈ ಲೇಖನವನ್ನು ಓದತೊಡಗುವ ಮುನ್ನ ನಮ್ಮ ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬೇಕೆಂದು ಕೋರುತ್ತೇವೆ. ಇದಕ್ಕೆ ಬೇಕಾದ ಉಪಕರಣ ಒಂದು ಕುರ್ಚಿ ಮಾತ್ರ. ಅದರ ಮೇಲೆ ಬೆನ್ನನ್ನು ನೆಟ್ಟಗಿಟ್ಟುಕೊಂಡು ಕುಳಿತುಕೊಳ್ಳಿ. ಮಂಡಿಯಿಂದ ಪಾದದವರೆಗಿನ ಭಾಗ ನೆಲಕ್ಕೆ ಲಂಬವಾಗಿರಲಿ. ಈಗ ಮುಂದಕ್ಕೆ ಬಾಗದೆ, ಪಾದಗಳನ್ನು ಹಿಂದಕ್ಕೆ ಸರಿಸದೆ, ಕೈಗಳನ್ನು ಎಲ್ಲಿಯೂ ಊರದೆ ಎದ್ದು ನಿಲ್ಲಲು ಪ್ರಯತ್ನಿಸಿ. ನೀವು ಎಷ್ಟೇ ಬಲಶಾಲಿಗಳಾಗಿದ್ದರೂ ಏಳಲಾರಿರಿ.

ಕಾರಣ ಸ್ಪಷ್ಟವಾಗಿದೆ. ಒಂದು ವಸ್ತು ಉರುಳದೆ ನಿಲ್ಲಬೇಕಾದರೆ ಅದರ ಗುರುತ್ವಕೇಂದ್ರದಿಂದ ಇಳಿಸಿದ ಲಂಬರೇಖೆಯು ಅದರ ತಳದೊಳಗೆ ಬೀಳಬೇಕಷ್ಟೆ. ಕುಳಿತಿರುವಾಗ ನಮ್ಮ ಶರೀರದ ಗುರುತ್ವಕೇಂದ್ರವು ಕುರ್ಚಿಯ ಪೀಠದ ಮೇಲಿರುತ್ತದೆ. ಎದ್ದ ಕ್ಷಣದಲ್ಲಿ ನಮಗೆ ಉಳಿಯುವ ತಳವೆಂದರೆ ಎರಡು ಪಾದಗಳು ಮಾತ್ರ. ಆದುದರಿಂದಲೇ ಪ್ರತಿಯೊಬ್ಬನೂ ಏಳುವಾಗ ತನಗರಿವಿಲ್ಲದೆಯೇ ಪಾದಗಳನ್ನು ಹಿಂದಕ್ಕೆಳೆದುಕೊಂಡು, ಎದೆಯನ್ನು ಮುಂದಕ್ಕೆ ಚಾಚುತ್ತಾನೆ. ಹೀಗೆ ಮಾಡಿ ಇನ್ನೊಮ್ಮೆ ಏಳಿ. ಏಳುವಾಗ ಅಂಗೈಯನ್ನು ತೊಡೆಯ ಮುಂಭಾಗದ ಮೇಲಿಟ್ಟಿರಿ. ಅಲ್ಲಿನ ಸ್ನಾಯು ಮರದ ತುಂಡಿನಂತೆ ಗಟ್ಟಿಯಾಗುವುದು ಅನುಭವಕ್ಕೆ ಬರುತ್ತದೆ. ಈ ಸ್ನಾಯುವಿನ ಕಥೆಯೇ ನಮ್ಮ ಇಂದಿನ ವಿಷಯ.

ದಿನಕ್ಕೆ ಎಷ್ಟು ಸಲ ನಾವು ಕುಳಿತಲ್ಲಿಂದ ಏಳುತ್ತೇವೆಂಬುದನ್ನು ಯಾರೂ ಎಣಿಸಿಟ್ಟುಕೊಳ್ಳುವುದಿಲ್ಲ. ಏಳಲಾರದವರು ಮಾತ್ರ ಎಣಿಸುತ್ತಾರೆ. ಈ ಮಾತನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ಮನೆಯಲ್ಲಿಯೇ ಕಲಿತೆವು. ಕೆಲವು ವರ್ಷಗಳ ಹಿಂದೆ, ಆಗ ಎಂಬತ್ತನಾಲ್ಕು ವಯಸ್ಸಾಗಿದ್ದ ನಮ್ಮ ಅಜ್ಜಿ ಮಳೆಗಾಲದ ಜ್ವರದಿಂದ ಹತ್ತು ದಿನ ಹಾಸಿಗೆ ಹಿಡಿದರು. ಜ್ವರ ಬಿಟ್ಟಿತು. ಅಲ್ಲಿಂದ ಮುಂದೆ ಮನೆಮಂದಿಯೆಲ್ಲ ಸೇರಿ ಅವರನ್ನು ಒಂದು ಕುರ್ಚಿಯಲ್ಲಿ ಕುಳ್ಳಿರಿಸಿ, "ಅಜ್ಜೀ, ನೀವು ಏಳಬೇಡಿ, ಏನು ಬೇಕೋ ಕೇಳಿ" ಎಂದೆವು. ನೀರು, ಕಾಫಿ, ತಟ್ಟೆ, ಕನ್ನಡಕ ಎಲ್ಲವೂ ಅವರ ಕೈಗೇ ಬಂದವು. ಎರಡು ತಿಂಗಳಾಗುವಷ್ಟರಲ್ಲಿ ಅವರನ್ನು ಎಬ್ಬಿಸಲು ಇಬ್ಬರು ಬೇಕಾದರು. ಒಂದು ರಾತ್ರಿ ಯಾರ ನಿದ್ರೆಯನ್ನೂ ಕೆಡಿಸಬಾರದೆಂದು ತಾವೊಬ್ಬರೇ ಬಚ್ಚಲಿಗೆ ಹೋಗಲು ಎದ್ದು ಮಂಚದ ಪಕ್ಕದಲ್ಲಿ ಕುಸಿದರು. ದೈವವಶಾತ್ ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಅವರು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟುಬಿಟ್ಟರು. ಕಾರಣ ಕೇಳಿದರೆ, "ರಾತ್ರಿಹೊತ್ತು ನಿಮ್ಮನ್ನೆಲ್ಲ ಯಾಕಪ್ಪಾ ಎಬ್ಬಿಸೋದು?" ಎಂದರು. ಆ ವಾರವೇ ನಾವು ಕಾಲೇಜಿನಲ್ಲಿ ಸನ್ನೆಯ ತತ್ತ್ವವನ್ನು ಪಾಠ ಹೇಳಿದ್ದೆವು. ಅದೇ ಸನ್ನೆ ನಮ್ಮ ಮನೆಯ ಕುರ್ಚಿಯಲ್ಲಿ ಕುಳಿತಿದೆಯೆಂಬುದು ನಮಗೆ ಆಗ ಹೊಳೆದಿರಲಿಲ್ಲ.

ಸನ್ನೆಯ ಲೆಕ್ಕ

ಪ್ರಾಣಿಗಳ ಚಲನೆಗೆ ಸನ್ನೆಯ ನಿಯಮವನ್ನು ಅನ್ವಯಿಸಿ ಲೆಕ್ಕ ಹಾಕಿದವರಲ್ಲಿ ಇಟಲಿಯ ಜೊವಾನಿ ಬೊರೆಲ್ಲಿ (1608–1679) ಮೊದಲಿಗ. ಪ್ರಾಣಿಗಳ ಚಲನೆಯನ್ನು ಕುರಿತ ಅವನ ಗ್ರಂಥ ಅವನು ತೀರಿಕೊಂಡ ಮೇಲೆ, 1680–81ರಲ್ಲಿ, ಪ್ರಕಟವಾಯಿತು. ನಮ್ಮ ಸ್ನಾಯುಗಳು ಕೀಲಿಗೆ ಬಹು ಸಮೀಪದಲ್ಲಿ ಅಂಟಿಕೊಂಡಿರುವುದರಿಂದ, ಅವು ಹೊರುವ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚು ಬಲದಿಂದ ಸೆಳೆಯಬೇಕಾಗುತ್ತದೆಂಬುದನ್ನು ಅವನು ತೋರಿಸಿಕೊಟ್ಟನು. ಬೊರೆಲ್ಲಿಯ ದಾರಿಯಲ್ಲಿ ನಾವೂ ಒಂದು ಲೆಕ್ಕ ಮಾಡೋಣ.

50 ಕಿಲೋಗ್ರಾಮ್ ತೂಕದ ಒಬ್ಬ ವೃದ್ಧೆ ಕುರ್ಚಿಯಿಂದ ಏಳುತ್ತಿರುವರೆಂದು ಭಾವಿಸೋಣ. ಮಂಡಿಯಿಂದ ಕೆಳಗಿನ ಒಂದೊಂದು ಕಾಲು ಸುಮಾರು 3 ಕಿಲೋಗ್ರಾಮ್ ಇರುವುದರಿಂದ, ಮಂಡಿಗಳಿಂದ ಮೇಲಿನ ಭಾಗ 44 ಕಿಲೋಗ್ರಾಮ್. ಎರಡು ಕಾಲುಗಳಿಗೆ ಹಂಚಿದರೆ ಒಂದೊಂದಕ್ಕೆ 22. ಪೀಠವನ್ನು ಬಿಟ್ಟು ಮೇಲೇಳುವ ಕ್ಷಣದಲ್ಲಿ ಈ ಭಾರದ ಲಂಬರೇಖೆಯು ಮಂಡಿಯ ಕೀಲಿನಿಂದ ಸುಮಾರು 18 ಸೆಂಟಿಮೀಟರ್ ಹಿಂದೆ ಬೀಳುತ್ತದೆಂದು ಇಟ್ಟುಕೊಳ್ಳೋಣ. ಇನ್ನು ತೊಡೆಯ ಸ್ನಾಯುವಿನ ಹುರಿಯಾದರೋ ಮಂಡಿಚಿಪ್ಪಿನ ಮೇಲೆ ಹಾದುಹೋಗಿ, ಕೀಲಿನ ಕೇಂದ್ರದಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಸೆಳೆಯುತ್ತದೆ. ಮಂಡಿಯೇ ಆಧಾರಬಿಂದು. ಒಂದು ಕಡೆ 22ನ್ನು 18ರಿಂದ ಗುಣಿಸಿದರೆ 396. ಇನ್ನೊಂದು ಕಡೆ ಸ್ನಾಯುವಿನ ಸೆಳೆತವನ್ನು 4ರಿಂದ ಗುಣಿಸಿದರೆ ಅದೇ 396 ಬರಬೇಕು. ಆದುದರಿಂದ ಸ್ನಾಯುವಿನ ಸೆಳೆತ 99 ಕಿಲೋಗ್ರಾಮ್ ಭಾರಕ್ಕೆ ಸಮ. ಇತರ ಸ್ನಾಯುಗಳ ಸೆಳೆತವನ್ನು ಗಣಿಸದೆ ಮಾಡಿದ ಸ್ಥೂಲ ಲೆಕ್ಕವಿದು. ಆದರೂ ಇದರಿಂದ ಹೊರಡುವ ಸಂಗತಿ ಆಶ್ಚರ್ಯಕರವಾದುದು. ಐವತ್ತು ಕಿಲೋಗ್ರಾಮಿನ ಅಜ್ಜಿ ಕುರ್ಚಿಯಿಂದ ಏಳುವಾಗಲೆಲ್ಲ ಅವರ ಒಂದೊಂದು ಮಂಡಿಯ ಹುರಿಯೂ ಒಂದು ಕ್ವಿಂಟಲ್ ಭಾರವನ್ನು ಹೊತ್ತಂತೆ ಬಿಗಿಯುತ್ತದೆ!

ಇದಕ್ಕೆ ವಿರುದ್ಧವಾಗಿ, ಇದೇ ಕೆಲಸಕ್ಕೆ ವ್ಯಯವಾಗುವ ಶಕ್ತಿಯನ್ನು ನೋಡಿ. ಸುಮಾರು 40 ಕಿಲೋಗ್ರಾಮ್ ಭಾರವನ್ನು 35 ಸೆಂಟಿಮೀಟರ್ ಎತ್ತಿದಂತಾಗುವುದರಿಂದ, ಒಂದು ಸಲಕ್ಕೆ 137 ಜೂಲ್. ಹತ್ತು ಸಲಕ್ಕೆ 1,370 ಜೂಲ್. ಸ್ನಾಯು ತಾನು ಪಡೆದ ಶಕ್ತಿಯ ಕಾಲುಭಾಗವನ್ನಷ್ಟೇ ಕೆಲಸವಾಗಿ ಪರಿವರ್ತಿಸುತ್ತದೆಂದು ಹಿಡಿದರೂ ಒಂದು ಚಿಟಿಕೆ ಸಕ್ಕರೆಯಿಂದ ದೊರೆಯುವಷ್ಟು ಶಕ್ತಿಯೇ ಇದಕ್ಕೆ ಸಾಕು. ಅಂದರೆ ಕುರ್ಚಿಯಿಂದ ಏಳುವುದಕ್ಕೆ ಬೇಕಾದುದು ಹೆಚ್ಚು ಶಕ್ತಿಯಲ್ಲ, ಹೆಚ್ಚು ಬಲ. ವಿದ್ಯಾರ್ಥಿಗಳು ಈ ಎರಡು ಮಾತುಗಳ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಬೇಕು. ನಿತ್ಯವೂ ವಾಯುಸೇವನೆಗೆಂದು ನಡೆದಾಡುವ ಹಿರಿಯರು ಅನೇಕರಿದ್ದಾರೆ. ಹೃದಯಕ್ಕೂ ಉಸಿರಿಗೂ ಅದು ಬಹಳ ಒಳ್ಳೆಯದು. ಆದರೆ ಸಮನೆಲದ ನಡಿಗೆಯು ತೊಡೆಯ ಸ್ನಾಯುವಿನಿಂದ ಅಲ್ಪಬಲವನ್ನು ಸಾವಿರಾರು ಸಲ ಕೇಳುತ್ತದೆ. ಏಳುವುದಾದರೋ ಅಧಿಕ ಬಲವನ್ನು ಒಮ್ಮೆ ಕೇಳುತ್ತದೆ. ಮೊದಲನೆಯದನ್ನು ಎಷ್ಟು ಅಭ್ಯಾಸ ಮಾಡಿದರೂ ಎರಡನೆಯದಕ್ಕೆ ಪೂರ್ಣ ಸಿದ್ಧತೆಯಾಗದು.

ಕಾಣದ ಹೊಸ್ತಿಲು

ಮುಪ್ಪಿನಲ್ಲಿ ಸ್ನಾಯುಗಳು ಸವೆಯುತ್ತವೆಂಬುದು ಎಲ್ಲರೂ ಬಲ್ಲ ವಿಷಯ. ಈ ಸವೆತಕ್ಕೆ 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ 'ಸಾರ್ಕೊಪೀನಿಯ' ಎಂಬ ಹೆಸರನ್ನು ಕೊಟ್ಟರು. ಗ್ರೀಕ್ ಮಾತುಗಳಿಂದ ಕೂಡಿದ ಈ ಪದಕ್ಕೆ 'ಮಾಂಸದ ಬಡತನ' ಎಂದು ಅರ್ಥ. ಈ ಸವೆತ ನಿಧಾನವಾಗಿ, ವರ್ಷದಿಂದ ವರ್ಷಕ್ಕೆ ನಡೆಯುವಂಥದು. ಹಾಗಿದ್ದಮೇಲೆ ನಿನ್ನೆಯವರೆಗೆ ಓಡಾಡುತ್ತಿದ್ದ ಹಿರಿಯರು ಒಂದು ಸಣ್ಣ ಕಾಯಿಲೆಯ ತರುವಾಯ ಇದ್ದಕ್ಕಿದ್ದಂತೆ ಏಳಲಾರದೆ ಹೋಗುವುದೇಕೆ?

ನಮ್ಮ ಲೆಕ್ಕದ 99 ಎಂಬ ಅಂಕೆಯಲ್ಲಿ ಇದಕ್ಕೆ ಉತ್ತರವಿದೆ. ಇದೇ ತೂಕದ ಯುವತಿಯ ತೊಡೆಯ ಸ್ನಾಯು ಇದಕ್ಕಿಂತ ಬಹಳ ಹೆಚ್ಚು ಬಲವನ್ನು ಹೊಮ್ಮಿಸಬಲ್ಲದು. ಆದ್ದರಿಂದ ಅವಳಿಗೆ ಏಳುವುದು ಒಂದು ಕೆಲಸವೆಂದೇ ತೋರುವುದಿಲ್ಲ. ವಯಸ್ಸಾದಂತೆ ಈ ಸಾಮರ್ಥ್ಯ ಇಳಿಯುತ್ತ ಬಂದು, ಎಂಬತ್ತರ ವಯಸ್ಸಿಗೆ 110ಕ್ಕೆ ಮುಟ್ಟಿತೆನ್ನೋಣ. ಆಗಲೂ 110 ಎಂಬುದು 99ಕ್ಕಿಂತ ಹೆಚ್ಚಲ್ಲವೆ? ಅಜ್ಜಿ ಏಳುತ್ತಾರೆ, ಅಡುಗೆಮನೆಗೆ ಹೋಗುತ್ತಾರೆ, ಮನೆಯವರಿಗೆ ಯಾವ ಕೊರತೆಯೂ ಕಾಣಿಸುವುದಿಲ್ಲ. ಈಗ ಒಂದು ಜ್ವರ ಬಂದು ಹತ್ತು ದಿನ ಮಲಗಿಸಿ, ಸಾಮರ್ಥ್ಯವನ್ನು 94ಕ್ಕೆ ಇಳಿಸಿತು. ಕಳೆದುಕೊಂಡುದು ಏಳನೆಯ ಒಂದು ಪಾಲು ಮಾತ್ರ. ಆದರೆ 99 ಎಂಬುದು ಒಂದು ಹೊಸ್ತಿಲು. ಅದರಿಂದ ಒಂದು ಅಂಗುಲ ಕೆಳಗೆ ನಿಂತವನೂ ಒಂದು ಮಾರು ಕೆಳಗೆ ನಿಂತವನೂ ಒಳಗೆ ಬರಲಾರದವರೇ. ಅಜ್ಜಿ 'ಇದ್ದಕ್ಕಿದ್ದಂತೆ' ಏಳಲಾರದವರಾಗುತ್ತಾರೆ.

ಇದು ನಾವು ಕಲ್ಪಿಸಿದ ಅಂಕೆಯಾದರೂ ಕಲ್ಪಿತ ಸಂಗತಿಯಲ್ಲ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಆರೋಗ್ಯವಂತರಾಗಿದ್ದ ಕೆಲವು ಹಿರಿಯರು ಹತ್ತು ದಿನ ಹಾಸಿಗೆಯಲ್ಲಿಯೇ ಇರಲು ಒಪ್ಪಿದರು. ಅವರಿಗೆ ಯಾವ ರೋಗವೂ ಇರಲಿಲ್ಲ, ಆಹಾರಕ್ಕೆ ಕೊರತೆಯಿರಲಿಲ್ಲ. ಆದರೂ ಅಷ್ಟರಲ್ಲಿ ಅವರ ಕಾಲುಗಳಿಂದ, ಕೊಬ್ಬನ್ನು ಬಿಟ್ಟು, ಸರಾಸರಿ ಸುಮಾರು ಒಂದು ಕಿಲೋಗ್ರಾಮಿನಷ್ಟು ಅಂಗಾಂಶ ಕರಗಿತ್ತು. ವಿಶ್ರಾಂತಿಯೆಂಬುದು ಔಷಧದಂತೆಯೇ ಮಿತಿಮೀರಿದರೆ ಬಾಧಿಸುವ ವಸ್ತುವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದರೆ ಈ ಹೊಸ್ತಿಲಿಗೆ ಇನ್ನೊಂದು ಮುಖವೂ ಉಂಟು. ಸಾಮರ್ಥ್ಯ 94ರಿಂದ 104ಕ್ಕೆ ಏರಿದರೆ ಸಾಕು, ಹೋದ ಸ್ವಾತಂತ್ರ್ಯವೆಲ್ಲವೂ ಹಿಂದಿರುಗುತ್ತದೆ. ಅಜ್ಜಿ ಇಪ್ಪತ್ತರ ತರುಣಿಯಾಗಬೇಕಾಗಿಲ್ಲ. ಹತ್ತರಲ್ಲೊಂದು ಪಾಲು ಬಲವನ್ನು ಗಳಿಸಿದರೆ ಸಾಕು. ಅದು ಮುಪ್ಪಿನಲ್ಲಿ ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ.

ಸ್ನಾಯುವಿನ ಒಳಗೆ

ನಮ್ಮ ವಿದ್ಯಾರ್ಥಿಗಳು ಪ್ರತಿವರ್ಷವೂ ಒಂದು ಪ್ರಶ್ನೆಯನ್ನು ಕೇಳುತ್ತಾರೆ: "ನೀರು ತುಂಬಿದ ಬಕೆಟ್ಟನ್ನು ಅಲುಗಾಡದೆ ಹಿಡಿದು ನಿಂತರೆ ಕೆಲಸ ಸೊನ್ನೆಯೆಂದು ಪುಸ್ತಕ ಹೇಳುತ್ತದೆ. ಮತ್ತೆ ಕೈ ಸೋಲುವುದೇಕೆ?" ಇದಕ್ಕೆ ಉತ್ತರ 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಪ್ರಕಟಿಸಿದ ಸಂಶೋಧನೆಯಲ್ಲಿದೆ. ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್ಗರ್ಕೆ ಒಂದು ತಂಡ. ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು. ಸ್ನಾಯುತಂತುವಿನೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ಎಳೆಗಳು ಎರಡು ಬಾಚಣಿಗೆಗಳ ಹಲ್ಲುಗಳಂತೆ ಒಂದರೊಳಗೊಂದು ಜೋಡಿಸಿಕೊಂಡಿರುತ್ತವೆ. ಮಯೋಸಿನ್ನಿನ ಸೂಕ್ಷ್ಮವಾದ ತಲೆಗಳು ಆಕ್ಟಿನ್ನನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಬಾವಿಯ ಹಗ್ಗವನ್ನು ಎರಡು ಕೈಗಳಿಂದ ಸೇದುವವನಂತೆ ಇದು ನಡೆಯುತ್ತದೆ. ಒಂದೊಂದು ಹಿಡಿತಕ್ಕೂ ಎ.ಟಿ.ಪಿ. ಎಂಬ ರಾಸಾಯನಿಕ ವಸ್ತು ಖರ್ಚಾಗಬೇಕು. ಬಕೆಟ್ಟು ಮೇಲಕ್ಕೆ ಹೋಗದಿದ್ದರೂ ಒಳಗೆ ಈ ಹಿಡಿತ ಬಿಡಿತಗಳು ನಿಲ್ಲುವುದಿಲ್ಲ. ಹೊರಗಿನ ಕೆಲಸ ಸೊನ್ನೆ. ಒಳಗಿನ ದುಡಿಮೆ ಸೊನ್ನೆಯಲ್ಲ. ಏಳಲಾರದ ಹಿರಿಯರಿಗೆ ಈ ಸಂಗತಿ ಹೇಗೆ ಒದಗಿಬರುತ್ತದೆಂಬುದನ್ನು ಮುಂದೆ ಕಾಣುವೆವು.

ಈ ತಂತುಗಳು ತಮ್ಮಷ್ಟಕ್ಕೆ ತಾವೇ ಎಳೆಯುವುದಿಲ್ಲ. ಬೆನ್ನುಹುರಿಯಿಂದ ಹೊರಟ ಒಂದೊಂದು ಚಾಲಕ ನರಕೋಶವೂ ಒಂದೊಂದು ಗುಂಪು ತಂತುಗಳಿಗೆ ಆಜ್ಞೆ ಕೊಡುತ್ತದೆ. ಈ ಗುಂಪುಗಳಲ್ಲಿ ಚಿಕ್ಕವೂ ದೊಡ್ಡವೂ ಇವೆ. ಕೆಲಸ ಹಗುರವಾಗಿದ್ದರೆ ಚಿಕ್ಕ ಗುಂಪುಗಳಿಗಷ್ಟೇ ಕರೆ ಹೋಗುತ್ತದೆ. ಭಾರ ಹೆಚ್ಚಿದಂತೆ ಮಾತ್ರ ದೊಡ್ಡ ಗುಂಪುಗಳು ಎಚ್ಚರಗೊಳ್ಳುತ್ತವೆ. ಈ ಕ್ರಮವನ್ನು 1965ರಲ್ಲಿ ಎಲ್‌ವುಡ್ ಹೆನ್ನೆಮನ್ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿದರು. ದೊಡ್ಡ ಗುಂಪುಗಳ ತಂತುಗಳೇ ಹೆಚ್ಚು ಬಲವುಳ್ಳವು, ವೇಗವುಳ್ಳವು. ಮುಪ್ಪಿನಲ್ಲಿ ಹೆಚ್ಚಾಗಿ ಸೊರಗುವುವು ಇವೇ. ಕಾಲು ಎಡವಿದಾಗ ಥಟ್ಟನೆ ಇನ್ನೊಂದು ಕಾಲನ್ನು ಮುಂದಿಟ್ಟು ದೇಹವನ್ನು ತಡೆಹಿಡಿಯಬೇಕಾದವೂ ಇವೇ. ಇವು ಕೈಕೊಟ್ಟಾಗ ಬೀಳುವುದು ತಪ್ಪದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ. ಅವರಲ್ಲಿ ಅರವತ್ತು ದಾಟಿದವರ ಸಂಖ್ಯೆಯೇ ಅತಿ ಹೆಚ್ಚು.

ತೊಂಬತ್ತರ ವಯಸ್ಸಿನ ವಿದ್ಯಾರ್ಥಿಗಳು

ದುರ್ಬಲವಾದ ಸ್ನಾಯುವಿಗೆ ಹಗುರ ಕೆಲಸವನ್ನೇ ಕೊಡಬೇಕೆಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ತೊಡೆಯ ಬಲ ಕಳೆದುಕೊಂಡಿದ್ದ ಸೈನಿಕರಿಗೆ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾವೈದ್ಯರು ಧೈರ್ಯವಾಗಿ ಭಾರ ಎತ್ತಿಸಿದರು. ಎತ್ತುವ ಸಲಗಳನ್ನು ಕಡಮೆ ಮಾಡಿ, ಭಾರವನ್ನು ಕ್ರಮವಾಗಿ ಏರಿಸುತ್ತ ಹೋಗುವ ಈ ವಿಧಾನವನ್ನು ಅವರು 1945ರಲ್ಲಿ ಪ್ರಕಟಿಸಿದರು. ಇಂದಿನ ಅಂಗಸಾಧನೆಯ ಪದ್ಧತಿಗಳೆಲ್ಲಕ್ಕೂ ಅದು ತಳಹದಿ.

ಆದರೆ ಸೈನಿಕರು ತರುಣರು. ಮುದುಕರ ಮಾತೇನು? ಈ ಪ್ರಶ್ನೆಗೆ ಬಾಸ್ಟನ್ ನಗರದಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಅವರ ಸಂಗಡಿಗರು ಉತ್ತರ ಹುಡುಕಿದರು. ವೃದ್ಧರ ಆರೈಕೆಯ ಸಂಸ್ಥೆಯೊಂದರಲ್ಲಿದ್ದ, ಸರಾಸರಿ 90 ವರ್ಷದ, ದುರ್ಬಲರಾದ ಹತ್ತು ಮಂದಿ ಇದಕ್ಕೆ ಮುಂದೆ ಬಂದರು. ಎಂಟು ವಾರಗಳ ಕಾಲ, ತಜ್ಞರ ಮೇಲ್ವಿಚಾರಣೆಯಲ್ಲಿ, ಅವರು ತೊಡೆಯ ಸ್ನಾಯುಗಳಿಗೆ ಭಾರದ ಅಭ್ಯಾಸ ಮಾಡಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಅಭ್ಯಾಸವನ್ನು ಪೂರೈಸಿದ ಒಂಬತ್ತು ಮಂದಿಯ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತ್ತು. ತೊಡೆಯ ನಡುವಿನ ಸ್ನಾಯುವಿನ ಗಾತ್ರ ಶೇಕಡ 9ರಷ್ಟು ಬೆಳೆದಿತ್ತು. ಇಬ್ಬರು ಊರುಗೋಲನ್ನು ಬಿಟ್ಟು ನಡೆಯತೊಡಗಿದ್ದರು. 1994ರಲ್ಲಿ ಇದೇ ತಂಡ ನೂರು ಮಂದಿ ವೃದ್ಧರ ಮೇಲೆ ಹತ್ತು ವಾರಗಳ ಪ್ರಯೋಗ ನಡೆಸಿದಾಗಲೂ ಅಭ್ಯಾಸ ಮಾಡಿದವರ ಬಲ ಇಮ್ಮಡಿಗಿಂತ ಹೆಚ್ಚಾಯಿತು.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಗಾತ್ರ ಬೆಳೆದುದು ಶೇಕಡ 9. ಬಲ ಬೆಳೆದುದು ಶೇಕಡ 174. ಈ ಅಂತರ ಎಲ್ಲಿಂದ ಬಂದಿತು? ಅದರ ಬಹುಪಾಲು ನರಗಳಿಂದ ಬಂದಿತು. ಬಹುಕಾಲ ಕರೆಯಿಲ್ಲದೆ ಮಲಗಿದ್ದ ದೊಡ್ಡ ಗುಂಪುಗಳನ್ನು ಎಬ್ಬಿಸುವುದನ್ನು ನರವ್ಯೂಹ ಮತ್ತೆ ಕಲಿಯಿತು. ಆದಕಾರಣ ಅಭ್ಯಾಸದ ಮೊದಲ ವಾರಗಳಲ್ಲಿ ಕಾಲು ದಪ್ಪವಾಗದೆಯೇ ಬಲ ಹೆಚ್ಚುತ್ತದೆ. ಅದೇ ಪ್ರಯೋಗದ ಇನ್ನೊಂದು ಫಲಿತಾಂಶವನ್ನೂ ಮರೆಯಬಾರದು. ಅಭ್ಯಾಸವನ್ನು ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲ ಶೇಕಡ 32ರಷ್ಟು ಇಳಿದುಹೋಯಿತು. ಸ್ನಾಯುವಿನ ಲೆಕ್ಕಪುಸ್ತಕದಲ್ಲಿ ಹಳೆಯ ಜಮೆಗೆ ಬೆಲೆಯಿಲ್ಲ. ಕೇಳಿದಷ್ಟು ಬಲವನ್ನು ಅದು ಇಟ್ಟುಕೊಳ್ಳುತ್ತದೆ, ಕೇಳದಿದ್ದರೆ ಬಿಟ್ಟುಕೊಡುತ್ತದೆ.

ನಿತ್ಯ ಹತ್ತು ನಿಮಿಷ

ಬಾಸ್ಟನ್ನಿನ ಪ್ರಯೋಗ ಯಂತ್ರಗಳ ನೆರವಿನಿಂದ ನಡೆದುದು. ಮನೆಯಲ್ಲಿ ಅಷ್ಟು ಭಾರವನ್ನೂ ಅಷ್ಟು ಫಲವನ್ನೂ ನಿರೀಕ್ಷಿಸುವಂತಿಲ್ಲ. ಆದರೆ ಸನ್ನೆಯ ನಿಯಮವನ್ನು ತಿಳಿದವನಿಗೆ ಕುರ್ಚಿ, ದಿಂಬು, ಗೋಡೆಗಳೇ ತೂಕದ ಬಟ್ಟುಗಳಾಗುತ್ತವೆ. ಒಂದೊಂದು ವ್ಯಾಯಾಮವನ್ನೂ ನಿಧಾನವಾಗಿ ಎಂಟರಿಂದ ಹತ್ತು ಸಲ ಮಾಡಬೇಕು. ಕೊನೆಯ ಎರಡು ಸಲ ಕಷ್ಟವೆನಿಸಬೇಕು, ನೋವೆನಿಸಬಾರದು. ಹನ್ನೆರಡು ಸಲ ಸುಲಭವಾಗಿ ಮಾಡಲು ಬಂದಾಗ ಮುಂದಿನ ಮೆಟ್ಟಿಲಿಗೆ ಏರಬೇಕು.

ಮೊದಲನೆಯದು, ಹಾಸಿಗೆಯಲ್ಲಿಯೇ ಇರುವವರಿಗೆ. ಮಂಡಿಯ ಕೆಳಗೆ ಸುತ್ತಿದ ಟವೆಲನ್ನಿಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಹಿಡಿದು ಐದು ಎಣಿಸುವುದು. ಕಾಲು ಚಲಿಸುವುದೇ ಇಲ್ಲ. ಆದರೂ ಬಕೆಟ್ಟು ಹಿಡಿದವನ ಕೈಯಂತೆ ತೊಡೆಯ ಸ್ನಾಯು ದುಡಿಯುತ್ತದೆ.

ಎರಡನೆಯದು, ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಮುಂದಕ್ಕೆ ಚಾಚಿ, ಮೂರು ಎಣಿಸಿ, ಮೆಲ್ಲನೆ ಇಳಿಸುವುದು. ನಮ್ಮ ಲೆಕ್ಕದ ಅಜ್ಜಿಯ ಕಾಲಿನ ಕೆಳಭಾಗ 3 ಕಿಲೋಗ್ರಾಮ್. ಅದರ ಗುರುತ್ವಕೇಂದ್ರ ಮಂಡಿಯಿಂದ ಸುಮಾರು 22 ಸೆಂಟಿಮೀಟರ್ ದೂರ. 66ನ್ನು 4ರಿಂದ ಭಾಗಿಸಿದರೆ ಸ್ನಾಯುವಿನ ಸೆಳೆತ ಹದಿನಾರೂವರೆ ಕಿಲೋಗ್ರಾಮ್. ಅರ್ಧ ಕಿಲೋಗ್ರಾಮ್ ಮರಳು ತುಂಬಿದ ಬಟ್ಟೆಯ ಚೀಲವನ್ನು ಕಾಲಿನ ಗಿಣ್ಣಿನ ಬಳಿ, ಮಂಡಿಯಿಂದ 38 ಸೆಂಟಿಮೀಟರ್ ದೂರದಲ್ಲಿ, ಕಟ್ಟಿದರೆ ಸುಮಾರು 5 ಕಿಲೋಗ್ರಾಮ್ ಸೆಳೆತ ಹೆಚ್ಚಿದಂತಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕುರ್ಚಿಯಿಂದ ಏಳುವುದು. ಮೊದಲು ಕುರ್ಚಿಯ ಮೇಲೆ ಗಟ್ಟಿಯಾದ ಎರಡು ದಿಂಬುಗಳನ್ನು ಹಾಕಿ ಪೀಠವನ್ನು ಎತ್ತರಿಸಬೇಕು. ಆಗ ತೊಡೆ ಇಳಿಜಾರಾಗುವುದರಿಂದ, ಭಾರದ ರೇಖೆಗೂ ಮಂಡಿಗೂ ಇರುವ ಅಂತರ 18ರಿಂದ 14 ಸೆಂಟಿಮೀಟರಿಗೆ ಇಳಿಯಿತೆನ್ನೋಣ. ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಊರಿ 14 ಕಿಲೋಗ್ರಾಮ್ ಭಾರವನ್ನು ಅವು ಹೊತ್ತರೆ, ಒಂದೊಂದು ಕಾಲಿಗೆ ಉಳಿಯುವುದು 15. ಆಗ ಸೆಳೆತ ಐವತ್ತೆರಡೂವರೆ. ಕೈಗಳನ್ನು ಬಿಟ್ಟು ದಿಂಬುಗಳ ಮೇಲಿನಿಂದ ಎದ್ದರೆ 77. ಒಂದು ದಿಂಬನ್ನು ತೆಗೆದು, ಆಮೇಲೆ ಇನ್ನೊಂದನ್ನೂ ತೆಗೆದರೆ 99. ಹೀಗೆ ಹದಿನಾರರಿಂದ ತೊಂಬತ್ತೊಂಬತ್ತರವರೆಗೆ ಸಣ್ಣ ಸಣ್ಣ ಮೆಟ್ಟಿಲುಗಳ ಒಂದು ಏಣಿ ನಮ್ಮ ಕೈಯಲ್ಲಿದೆ. ಕುಳಿತುಕೊಳ್ಳುವಾಗ ಧೊಪ್ಪನೆ ಕೂಡದೆ ಮೂರು ಎಣಿಸುತ್ತ ಇಳಿಯಬೇಕು. ಇಳಿಯುವಾಗ ದೇಹವನ್ನು ತಡೆದು ಹಿಡಿಯುವುದೂ ಅದೇ ಸ್ನಾಯು. ಇದರಿಂದ ಒಂದೇ ವ್ಯಾಯಾಮದಲ್ಲಿ ಎರಡು ಸಲ ಲಾಭ.

ನಾಲ್ಕನೆಯದು, ಅಡುಗೆಮನೆಯ ಕಟ್ಟೆಯನ್ನೋ ಕಿಟಕಿಯ ಸರಳನ್ನೋ ಹಿಡಿದು ನಿಂತು ಎರಡು ಹಿಮ್ಮಡಿಗಳನ್ನೂ ಮೇಲೆತ್ತಿ ಇಳಿಸುವುದು. ನಡೆಯುವಾಗ ದೇಹವನ್ನು ಮುಂದಕ್ಕೆ ನೂಕುವ ಮೀನಖಂಡಕ್ಕೆ ಇದು ಬಲ ಕೊಡುತ್ತದೆ.

ಐದನೆಯದು, ಗೋಡೆಯನ್ನು ತಳ್ಳುವುದು. ಗೋಡೆಗೆ ಎದುರಾಗಿ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಊರಿ, ಮೊಣಕೈ ಮಡಿಸಿ ಮುಂದಕ್ಕೆ ವಾಲಿ, ಮತ್ತೆ ತಳ್ಳಿ ನೆಟ್ಟಗಾಗಬೇಕು. ವಾಲಿದಾಗ ಗುರುತ್ವಕೇಂದ್ರವು ಕಾಲ್ಬೆರಳುಗಳಿಗಿಂತ 24 ಸೆಂಟಿಮೀಟರ್ ಮುಂದೆ ಬಂದಿದ್ದು, ಅಂಗೈಗಳು 120 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 50ನ್ನು 24ರಿಂದ ಗುಣಿಸಿ 120ರಿಂದ ಭಾಗಿಸಿದಾಗ ಕೈಗಳ ಮೇಲಿನ ಒತ್ತಡ 10 ಕಿಲೋಗ್ರಾಮ್ ಎಂದು ದೊರೆಯುತ್ತದೆ. ಪಾದಗಳನ್ನು ಸ್ವಲ್ಪ ಸ್ವಲ್ಪವೇ ಹಿಂದಿಟ್ಟಷ್ಟೂ ಇದು ಹೆಚ್ಚುತ್ತದೆ. ಬೀಳುವಾಗ ಕೈಯೂರಿ ತಡೆಯಲೂ, ಕುರ್ಚಿಯ ತೋಳನ್ನು ಒತ್ತಿ ಏಳಲೂ ಬೇಕಾದ ಬಲ ಇದೇ.

ಇವೆಲ್ಲಕ್ಕೂ ಸೇರಿ ಹತ್ತು ನಿಮಿಷ ಸಾಕು. ಅರವತ್ತೈದು ದಾಟಿದವರು ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವನ್ನೂ, ಮೂರು ದಿನವಾದರೂ ಸಮತೋಲ ಮತ್ತು ಬಲಗಳಿಗೆ ಒತ್ತುಕೊಡುವ ಬಗೆಬಗೆಯ ಚಟುವಟಿಕೆಗಳನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಮಾಡಿದೆ. ನಿತ್ಯವೂ ಮಾಡಿದರೆ ಅದು ಹಲ್ಲುಜ್ಜುವುದರಂತೆ ರೂಢಿಯಾಗುತ್ತದೆಂಬುದೇ ವಿಶೇಷ ಅನುಕೂಲ. ಸ್ನಾಯು ನೊಂದಿದ್ದರೆ ಒಂದು ದಿನ ಬಿಟ್ಟು ಮಾಡಬಹುದು. ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವುಗಳಲ್ಲಿರುವ ಪ್ರೋಟೀನು ಊಟದಲ್ಲಿ ಸಾಕಷ್ಟಿಲ್ಲದಿದ್ದರೆ ಸ್ನಾಯು ಬೆಳೆಯಲು ಸಾಮಗ್ರಿಯಿರುವುದಿಲ್ಲವೆಂಬುದನ್ನೂ ಮರೆಯಬಾರದು.

ಎಚ್ಚರಿಕೆಯ ಮಾತು

ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಈಚೆಗೆ ನಡೆದ ಶಸ್ತ್ರಚಿಕಿತ್ಸೆ, ಮುರಿದ ಮೂಳೆ ಇವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರನ್ನು ಕೇಳಿದ ಹೊರತು ಆರಂಭಿಸಕೂಡದು. ಬಲ ಹಾಕುವಾಗ ಉಸಿರು ಕಟ್ಟಬಾರದು; ಉಸಿರು ಕಟ್ಟಿದರೆ ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ಗಟ್ಟಿಯಾಗಿ ಎಣಿಸುತ್ತ ಮಾಡುವವರು ಉಸಿರು ಕಟ್ಟಲಾರರು. ಎದೆನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚಿದಂಥ ನೋವು ಕಂಡರೆ ಕೂಡಲೇ ನಿಲ್ಲಿಸಬೇಕು. ಹಗುರವಾದ ಪ್ಲಾಸ್ಟಿಕ್ ಕುರ್ಚಿ ನಯವಾದ ನೆಲದ ಮೇಲೆ ಹಿಂದಕ್ಕೆ ಜಾರುತ್ತದೆ. ಭಾರವಾದ ಮರದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಬೇಕು. ನೆಲ ಒದ್ದೆಯಿರಬಾರದು, ಸೀರೆಯ ನೆರಿಗೆಯಾಗಲಿ ಪಂಚೆಯಾಗಲಿ ಕಾಲಿಗೆ ತೊಡಕಬಾರದು.

ನಮ್ಮ ಹಿಂದಿನವರು ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದರು, ಚಾಪೆಯ ಮೇಲೆ ಮಲಗುತ್ತಿದ್ದರು. ಯಾವ ವ್ಯಾಯಾಮದ ಹೆಸರೂ ಇಲ್ಲದೆ ನೆಲದಿಂದ ದಿನಕ್ಕೆ ಎಷ್ಟೋ ಸಲ ಏಳುತ್ತಿದ್ದರು. ಮಂಡಿನೋವಿನವರಿಗೆ ಕುರ್ಚಿ ಮಂಚಗಳು ದೊಡ್ಡ ಉಪಕಾರ ಮಾಡಿವೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬದುಕು ಕೇಳುತ್ತಿದ್ದ ಬಲವನ್ನು ಈಗ ಅದು ಕೇಳದಿರುವುದರಿಂದ, ನಾವೇ ಕೇಳಿ ಪಡೆಯಬೇಕಾಗಿದೆ.

ನಮ್ಮ ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇವೆ. ವೈದ್ಯರನ್ನು ವಿಚಾರಿಸಿ, ಮೇಲಿನ ಏಣಿಯ ಕೆಳಮೆಟ್ಟಿಲಿನಿಂದ ಅವರಿಂದ ಅಭ್ಯಾಸ ಮಾಡಿಸಿದೆವು. ಮೊದಲ ದಿನ, "ಈ ವಯಸ್ಸಿನಲ್ಲಿ ನನಗೆ ಗರಡಿಮನೆ ಮಾಡಿಕೊಟ್ಟೆಯೇನೋ?" ಎಂದು ನಕ್ಕರು. ಎರಡು ದಿಂಬುಗಳಲ್ಲಿ ಒಂದನ್ನು ತೆಗೆಯಲು ಐದು ವಾರ ಹಿಡಿಯಿತು. ಇನ್ನೊಂದಕ್ಕೆ ಮತ್ತೆ ಆರು ವಾರ. ಊರುಗೋಲನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದರೆ ಬಚ್ಚಲಿಗೆ ಹೋಗಲು ಯಾರನ್ನೂ ಕರೆಯಲಿಲ್ಲ. ರಾತ್ರಿ ಮಂಚದ ಬಳಿ ತುಂಬಿಟ್ಟ ಚೊಂಬಿನ ನೀರನ್ನು ಹಿಂದಿನಂತೆ ಕುಡಿಯತೊಡಗಿದರು.

ನಮ್ಮ ವಾಚಕರಲ್ಲಿ ಬಹುಮಂದಿಯ ಮನೆಗಳಲ್ಲಿ ಹಿರಿಯರಿದ್ದಾರೆ. ಅವರು ಏಳಲು ತೊಡಗಿದಾಗ ಓಡಿಹೋಗಿ ರಟ್ಟೆ ಹಿಡಿದು ಎತ್ತುವುದು ಪ್ರೀತಿಯ ಲಕ್ಷಣವೇ ಸರಿ. ಅದಕ್ಕಿಂತ ಸ್ವಲ್ಪ ಕಷ್ಟವಾದ ಪ್ರೀತಿ ಇನ್ನೊಂದಿದೆ. ಪಕ್ಕದಲ್ಲಿ ಸಿದ್ಧವಾಗಿ ನಿಂತು, ಅವರ ಪಾದಗಳನ್ನು ಹಿಂದಕ್ಕೆಳೆದುಕೊಳ್ಳಲು ಹೇಳಿ, ಎದೆಯನ್ನು ಮುಂದೆ ತರಲು ಹೇಳಿ, ಅವರೇ ಏಳುವವರೆಗೆ ಕೈಕಟ್ಟಿ ಕಾಯುವುದು ಅದು.